ಮೊದಲು ಟ್ರಂಕು ತೆರೆಯಿರಿ, ಆಮೇಲೆ ಟರ್ನ್‌ಟೇಬಲ್ ನೋಡಿ

ಅಣ್ಣನ ಮಗಳು ಕಳೆದ ತಿಂಗಳು ಚಾಮರಾಜಪೇಟೆಯಲ್ಲಿರುವ ತನ್ನ ತಾತನ ಮನೆಯ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದಳು. ಮೇಲೆ ಹಳೇ ಸೀರೆ, ನುಸಿಗುಳಿಗೆ, ಅಡಿಯಲ್ಲಿ 46 ರೆಕಾರ್ಡ್. ಅವತ್ತೇ ರಾತ್ರಿ ರೆಕಾರ್ಡ್ ಹಾಡಿಸುವ ಒಂದು ಟರ್ನ್‌ಟೇಬಲ್‌ನ ಫೋಟೊ ಕಳಿಸಿ, "ಚಿಕ್ಕಪ್ಪ, ಇದು ತಗೊಳ್ಳಲಾ? ರಿವ್ಯೂ ಎಲ್ಲಾ ಚೆನ್ನಾಗಿದೆ" ಅಂದಳು. ರಿವ್ಯೂ ಸುಳ್ಳು ಹೇಳಿರಲಿಲ್ಲ, ಯಂತ್ರ ನಿಜಕ್ಕೂ ಒಳ್ಳೆಯದೇ. ಆದರೆ ಟ್ರಂಕಿನ 46ರಲ್ಲಿ 17 ಅದರ ಮೇಲೆ ಹಾಡುವುದೇ ಇಲ್ಲ. ಅವು ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆಗಳು. ಆ ಯಂತ್ರಕ್ಕೆ ಗೊತ್ತಿರುವುದು 33 ಮತ್ತು 45 ಮಾತ್ರ.

ಟರ್ನ್‌ಟೇಬಲ್ ಹೋಲಿಕೆಗಳೆಲ್ಲ ಸಾಮಾನ್ಯವಾಗಿ ಯಂತ್ರದಿಂದ ಶುರುವಾಗುತ್ತವೆ. ಬರೆಯುವವರು ಬೇರೆ ಊರಿನವರು, ಅವರ ಓದುಗರು ಅಂಗಡಿಯಿಂದ ಹೊಸ ಎಲ್‌ಪಿ, ಅಂದರೆ 33ರ ವೇಗದ ದೊಡ್ಡ ರೆಕಾರ್ಡ್, ತರುವವರು. ಬೆಂಗಳೂರಿನಲ್ಲಿ ನನಗೆ ಗೊತ್ತಿರುವ ಹೆಚ್ಚಿನವರು ಈ ಹುಚ್ಚಿಗೆ ಬಿದ್ದದ್ದು ತಾತನ ಟ್ರಂಕಿನಿಂದ, ಇಲ್ಲವೇ ಸೋದರಮಾವ ಮನೆ ಖಾಲಿ ಮಾಡುವಾಗ ಕೊಟ್ಟುಹೋದ ರಟ್ಟಿನ ಪೆಟ್ಟಿಗೆಯಿಂದ. ಹಾಗಾಗಿ ನಾನು ಹೋಲಿಕೆಯನ್ನು ಬಾಲದ ಕಡೆಯಿಂದ ಶುರುಮಾಡುತ್ತೇನೆ. ಮೊದಲು ರೆಕಾರ್ಡ್, ಆಮೇಲೆ ಮುಳ್ಳು, ಆಮೇಲೆ ಯಂತ್ರ, ಕೊನೆಗೆ ದುಡ್ಡು.

ಮೂರು ಅಳತೆ, ಮೂರು ವೇಗ

ಅವಳ ಟ್ರಂಕಿನ ಲೆಕ್ಕ ಹೀಗಿತ್ತು: 10 ಅಂಗುಲದ 78ರ ತಟ್ಟೆ 17, 7 ಅಂಗುಲದ ಇಪಿ (45ರ ವೇಗದ ಪುಟ್ಟ ತಟ್ಟೆ) 20, 12 ಅಂಗುಲದ ಎಲ್‌ಪಿ 9. ನಿಮ್ಮದನ್ನೂ ಹೀಗೆ ನೆಲದ ಮೇಲೆ ಮೂರು ಗುಡ್ಡೆ ಮಾಡಿ. ಯಾವ ಗುಡ್ಡೆ ದೊಡ್ಡದೋ ಅದೇ ನಿಮ್ಮ ಟರ್ನ್‌ಟೇಬಲ್ ಯಾವುದು ಎಂದು ಅರ್ಧ ಹೇಳಿಬಿಡುತ್ತದೆ.

ಹಿರಿಯರು 'ಪ್ಲೇಟು' ಎನ್ನುತ್ತಿದ್ದದ್ದು ಹೆಚ್ಚಾಗಿ 78ನ್ನೇ. ಅದು ಪ್ಲಾಸ್ಟಿಕ್ ಅಲ್ಲ, ಅರಗು. ನಮ್ಮ ಕಾಡಿನ ಮರಗಳ ಮೇಲೆ ಹುಳು ಸುರಿಸುವ ಅಂಟೇ ಲೋಕದ ಹೆಚ್ಚಿನ ಗ್ರಾಮಫೋನ್ ತಟ್ಟೆಗಳಿಗೆ ಕಚ್ಚಾಮಾಲಾಗಿತ್ತು. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡವರು ಅಚ್ಚನ್ನು ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ, ಅಲ್ಲಿ ತಟ್ಟೆ ಒತ್ತಿಸಿ, ಹಡಗಿನಲ್ಲಿ ತಿರುಗಿ ತರಿಸಿದರು. ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರು ಕೂಗಿ ಹೇಳುತ್ತಿದ್ದದ್ದು ಅಲ್ಲಿನವರು ಲೇಬಲ್ ತಪ್ಪದೆ ಅಂಟಿಸಲಿ ಎಂದು. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. 1908ರಿಂದ ಕೋಲ್ಕತ್ತದ ಸಿಯಾಲ್ದಾದಲ್ಲೇ ತಟ್ಟೆ ಒತ್ತತೊಡಗಿದರು. ಬೇರೆ ದೇಶಗಳು 78ನ್ನು ಕೈಬಿಟ್ಟ ಮೇಲೂ ನಮ್ಮಲ್ಲಿ 1960ರ ದಶಕದಲ್ಲಿ ಅವು ಬರುತ್ತಲೇ ಇದ್ದವು. ಅದಕ್ಕೇ ಇಲ್ಲಿನ ಅಟ್ಟಗಳಲ್ಲಿ ಅವು ಇಷ್ಟೊಂದು ಸಿಗುವುದು.

78ರ ಒಂದು ಮಗ್ಗುಲಿಗೆ ಹಿಡಿಸುವುದು ಮೂರು, ಮೂರೂವರೆ ನಿಮಿಷ. ಪಲ್ಲವಿ, ಅನುಪಲ್ಲವಿ, ಚರಣ, ಒಂದು ಚಿಟಿಕೆ ಸ್ವರ, ಎಲ್ಲ ಅಷ್ಟರೊಳಗೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ಮೂರೂ ಕಾಲಿಗಿಂತ ತುಸು ಹೆಚ್ಚು ಸುತ್ತುವ ಎಲ್‌ಪಿ ತಂದಾಗ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಿಕ್ಕಿತು, ಆಲಾಪನೆಗೆ ಉಸಿರು ಬಂತು. ಮರುವರ್ಷ ಆರ್‌ಸಿಎ 45ರ ವೇಗ ತಂದಿತು. ನಮ್ಮಲ್ಲಿ ಅದು ಸಿನಿಮಾ ಹಾಡುಗಳ ಇಪಿಯಾಗಿ ಮನೆಮನೆಗೆ ಬಂತು. ಪುಟ್ಟ ತಟ್ಟೆ, ನಾಲ್ಕು ಹಾಡು, ಕವಚದ ಮೇಲೆ ನಾಯಕ ನಾಯಕಿಯ ಬಣ್ಣದ ಚಿತ್ರ.

ಮುಳ್ಳಿನ ವಿಷಯ ಇಲ್ಲಿಂದಲೇ ಹುಟ್ಟುತ್ತದೆ. 78ರ ಗೆರೆ ಅಗಲ. ಅದಕ್ಕೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್. ಎಲ್‌ಪಿಯ ಮುಳ್ಳು ಸುಮಾರು 18. ಎಲ್‌ಪಿ ಮುಳ್ಳನ್ನು 78ಕ್ಕೆ ಇಟ್ಟರೆ ಅದು ಚರಂಡಿಗೆ ಬಿದ್ದ ಸೈಕಲ್ ಚಕ್ರದ ಹಾಗೆ ತಳಕ್ಕಿಳಿದು, ಅಲ್ಲಿರುವ ಕಸವನ್ನೆಲ್ಲ ಕೆರೆದು ಕೇಳಿಸುತ್ತದೆ. 78ರ ಮುಳ್ಳನ್ನು ಎಲ್‌ಪಿಗೆ ಇಟ್ಟರೋ, ಎಲ್‌ಪಿಯೇ ಹಾಳು. ಅಂದರೆ ನಿಮ್ಮ ಗುಡ್ಡೆಯಲ್ಲಿ 78 ಇದ್ದರೆ ಎರಡು ಷರತ್ತು: ಯಂತ್ರಕ್ಕೆ ಆ ವೇಗ ಇರಬೇಕು, ಮತ್ತು ಮುಳ್ಳು ಬದಲಾಯಿಸಲು ಬರಬೇಕು. ಅಂಗಡಿಯವರು 'ಮೂರೂ ಸ್ಪೀಡ್ ಇದೆ ಸಾರ್' ಎನ್ನುವಾಗ ಎರಡನೆಯದನ್ನು ಹೇಳುವುದಿಲ್ಲ.

(ಹಿತ್ತಾಳೆ ಕಹಳೆಯ ಕೀಲಿ ಗ್ರಾಮಫೋನ್ ಈಗ ಕೆಫೆಗಳಲ್ಲೆಲ್ಲ ಕಾಣುತ್ತದೆ. ಹೆಚ್ಚಿನವು ಅಲಂಕಾರಕ್ಕೆ ಮಾಡಿದ ನಕಲು. ಅದರ ಮೇಲೆ ಎಲ್‌ಪಿ ಮಾತ್ರ ಇಡಬೇಡಿ. ಉಕ್ಕಿನ ಪಿನ್ನು ಒಂದೇ ಸಲಕ್ಕೆ ಗೆರೆಯನ್ನು ಉತ್ತುಬಿಡುತ್ತದೆ.)

ಶ್ರುತಿ ಎಲ್ಲಿ ನಿಲ್ಲುತ್ತದೆ

ಎರಡನೆಯ ಪ್ರಶ್ನೆ: ಏನು ಕೇಳುತ್ತೀರಿ? ಡ್ರಮ್ಮು ಗಿಟಾರಿನ ಪಾಶ್ಚಾತ್ಯ ಹಾಡುಗಳಲ್ಲಿ ವೇಗ ತುಸು ಓಲಾಡಿದರೂ ಹಲವರಿಗೆ ಗೊತ್ತಾಗುವುದಿಲ್ಲ. ನಮ್ಮ ಸಂಗೀತದಲ್ಲಿ ಹಿಂದೆ ತಂಬೂರಿ ಇರುತ್ತದೆ. ಒಂದೇ ಶ್ರುತಿ ಇಪ್ಪತ್ತು ನಿಮಿಷ ಎಳೆದು ನಿಂತಿರುವಾಗ ಯಂತ್ರದ ತೊದಲು ಬಯಲಾಗದೇ ಇರದು. ವೀಣೆಯ ಒಂದು ಮೀಟು ಕರಗುವ ಹೊತ್ತಿಗೆ ತಟ್ಟೆ ತೂಗಿದರೆ, ಇಲ್ಲದ ಗಮಕ ಹುಟ್ಟಿಕೊಳ್ಳುತ್ತದೆ. ನಾನಂತೂ ಯಾವ ಯಂತ್ರವನ್ನೂ ತಂಬೂರಿ ಚೆನ್ನಾಗಿ ಕೇಳುವ ಎಲ್‌ಪಿ ಒಂದನ್ನು ಹಾಕದೆ ಒಪ್ಪುವುದಿಲ್ಲ.

ಲೆಕ್ಕವೂ ಸುಲಭ. ವೇಗ ಸುಮಾರು ಶೇ 6ರಷ್ಟು ಹೆಚ್ಚಾದರೆ ಶ್ರುತಿ ಒಂದು ಸ್ವರಸ್ಥಾನ ಮೇಲೇರುತ್ತದೆ. ಶೇ 3ಕ್ಕೆ ಅದರರ್ಧ. ಜೊತೆಗೆ ಹಾಡಿಕೊಳ್ಳುವವರಿಗೆ, ವಯಲಿನ್ ಹಿಡಿದು ಕಲಿಯುವವರಿಗೆ ಈ ಅರ್ಧವೂ ಕಿರಿಕಿರಿ.

ಇದರಲ್ಲೇ ಎರಡು ಬಗೆ. ಸದಾ ಶೇ 2 ವೇಗವಾಗಿ ಓಡುವುದು ಒಂದು, ಅದನ್ನು ತಿದ್ದಬಹುದು. ಒಂದು ಸುತ್ತಿನೊಳಗೇ ಏರಿಳಿಯುವುದು ಇನ್ನೊಂದು, ಅದು ಯಂತ್ರದ ಹುಟ್ಟುಗುಣ. ಕಂಪನಿಗಳು ಎರಡನೆಯದನ್ನು 'ವಾವ್ ಆ್ಯಂಡ್ ಫ್ಲಟರ್' ಎಂದು ಬರೆದಿರುತ್ತವೆ. ಆಡಿಯೊ-ಟೆಕ್ನಿಕಾದ ಎಂಟ್ರಿ ಮಾಡೆಲ್ ಎಲ್‌ಪಿ60ಎಕ್ಸ್‌ಗೆ ಅದು ಶೇ 0.25ಕ್ಕಿಂತ ಕಡಿಮೆ, ಎಲ್‌ಪಿ120ಎಕ್ಸ್‌ಗೆ ಶೇ 0.2ಕ್ಕಿಂತ ಕಡಿಮೆ, ಟೆಕ್ನಿಕ್ಸ್ ಎಸ್‌ಎಲ್-1200 ವಂಶದ್ದು ಶೇ 0.025. ಮೊದಲಿನದಕ್ಕಿಂತ ಕೊನೆಯದು ಹತ್ತು ಪಟ್ಟು ಸ್ಥಿರ. ತಂಬೂರಿಯ ಮೇಲೆ ಆ ಹತ್ತು ಪಟ್ಟು ನಿಜಕ್ಕೂ ಕೇಳಿಸುತ್ತದೆ, ಸಿನಿಮಾ ಹಾಡಿನ ಮೇಲೆ ಅಷ್ಟಾಗಿ ಇಲ್ಲ.

ಈಗ ಯಂತ್ರಗಳು

ಸೂಟ್‌ಕೇಸ್ ಪ್ಲೇಯರ್. ಬಣ್ಣಬಣ್ಣದ ಪೆಟ್ಟಿಗೆ, ಒಳಗೇ ಸ್ಪೀಕರ್, ಬ್ಲೂಟೂತ್, ಮೂರು ವೇಗ, ಹತ್ತು ಸಾವಿರದೊಳಗೆ. ನಾನೂ ಮೊದಲು ಕೊಂಡದ್ದು ಇದನ್ನೇ, ಹೆಸರು ಬೇಡ. ಮುಳ್ಳು ಹೊತ್ತ ತೋಳಿಗೆ ತೂಕ ಹೊಂದಿಸುವ ಏರ್ಪಾಡು ಇಲ್ಲ. ಒಳ್ಳೆಯ ಕಾರ್ಟ್ರಿಜ್ (ಮುಳ್ಳನ್ನು ಹಿಡಿದು ಅದರ ನಡುಕವನ್ನು ಕರೆಂಟಾಗಿಸುವ ಪುಟ್ಟ ಭಾಗ) ಸುಮಾರು 2 ಗ್ರಾಂ ಭಾರದಲ್ಲಿ ಗೆರೆಯ ಮೇಲೆ ಕೂರುವಾಗ, ಇವುಗಳ ಸೆರಾಮಿಕ್ ಕಾರ್ಟ್ರಿಜ್ ಐದು ಗ್ರಾಂ ಆಸುಪಾಸಿನಲ್ಲಿ ಒತ್ತುತ್ತದೆ. ಪೆಟ್ಟಿಗೆಯೊಳಗಿನ ಸ್ಪೀಕರ್ ನಡುಗಿದಾಗ ಮುಳ್ಳೂ ನಡುಗುತ್ತದೆ. ಮೃದಂಗದ ಎಡಗಡೆ ಜೋರಾಗಿ ಬಿದ್ದ ಕಡೆಯೆಲ್ಲ ನನ್ನದು ಗೆರೆ ಹಾರುತ್ತಿತ್ತು. ಅಮ್ಮನ ಮೆಚ್ಚಿನ ಇಪಿಯೊಂದರ ಎರಡನೇ ಚರಣ ಹಾಗೇ ಹೋಯಿತು. ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಈ ಜಾತಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಮಕ್ಕಳ ಆಟಕ್ಕೆ ಎಂದರೂ ಸರಿ.

ಆಡಿಯೊ-ಟೆಕ್ನಿಕಾ ಎಲ್‌ಪಿ60ಎಕ್ಸ್. ಅಣ್ಣನ ಮಗಳು ಫೋಟೊ ಕಳಿಸಿದ್ದು ಇದನ್ನೇ. ಹದಿನೈದರಿಂದ ಇಪ್ಪತ್ತು ಸಾವಿರದ ಸುತ್ತ. ಗುಂಡಿ ಒತ್ತಿದರೆ ತೋಳು ತಾನೇ ಎದ್ದು ಬಂದು ಕೂರುತ್ತದೆ, ಮುಗಿದ ಮೇಲೆ ತಾನೇ ಹಿಂದಕ್ಕೆ ಹೋಗುತ್ತದೆ. ಮುಳ್ಳಿನಿಂದ ಬರುವ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಫೋನೊ ಪ್ರಿಆ್ಯಂಪ್ ಒಳಗೇ ಇದೆ, ಮುಳ್ಳು ಸವೆದರೆ ಅದೊಂದನ್ನೇ ಬದಲಾಯಿಸಬಹುದು. ಬದಲಾಗದ್ದು ಕಾರ್ಟ್ರಿಜ್ ಮತ್ತು ತೂಕ. ಗಾತ್ರದ ಗುಂಡಿಗೆ 7 ಮತ್ತು 12 ಅಂಗುಲ ಮಾತ್ರ ಗೊತ್ತು. ಎಲ್‌ಪಿ, ಇಪಿ ಅಷ್ಟೇ ಇರುವ ಮನೆಗೆ, ಕೈ ನಡುಗುವ ಹಿರಿಯರು ತಾವೇ ಹಾಕಿಕೊಂಡು ಕೇಳಬೇಕಾದ ಮನೆಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ದುಬಾರಿ ಯಂತ್ರಗಳಲ್ಲಿ ಈ ಸೌಕರ್ಯ ಅಪರೂಪ. ರಸಿಕರು ಮೂಗು ಮುರಿಯುತ್ತಾರೆ, ಮುರಿಯಲಿ.

ಆಡಿಯೊ-ಟೆಕ್ನಿಕಾ ಎಲ್‌ಪಿ120ಎಕ್ಸ್. ಮೇಲಿನದರ ಎರಡು, ಎರಡೂವರೆ ಪಟ್ಟು ಬೆಲೆ. ಡೈರೆಕ್ಟ್ ಡ್ರೈವ್, ಅಂದರೆ ಬೆಲ್ಟ್ ಇಲ್ಲದೆ ಮೋಟರೇ ತಟ್ಟೆಯ ಅಚ್ಚು. 33, 45, 78 ಮೂರೂ ಇವೆ. ತೋಳಿನ ತುದಿಯ ಹೆಡ್‌ಶೆಲ್ ಬಿಚ್ಚಿ ಹಾಕಬಹುದು. ಜೊತೆಗೆ ಬರುವ ವಿಎಂ95ಇ ಕಾರ್ಟ್ರಿಜ್‌ನ ಮುಳ್ಳನ್ನು ಎಳೆದು ಅದೇ ಮೈಗೆ ಬೇರೆ ಮುಳ್ಳು ಸಿಕ್ಕಿಸಬಹುದು. 78ಕ್ಕೆಂದೇ ವಿಎಂ95ಎಸ್‌ಪಿ ಇದೆ. ಸೂಕ್ಷ್ಮ ತುದಿಯ ವಿಎಂ95ಎಂಎಲ್ ಸುಮಾರು 1000 ಗಂಟೆ ಬಾಳುತ್ತದೆ ಎಂದು ಕಂಪನಿಯೇ ಹೇಳುತ್ತದೆ, ಜೊತೆಗೆ ಬರುವ ಇ ಮುಳ್ಳಿನದು 300 ಗಂಟೆ. ಒಂದು ಎಚ್ಚರಿಕೆ: 78ರ ಮುಳ್ಳಿಗೆ ಸುಮಾರು 5 ಗ್ರಾಂ ಭಾರ ಬೇಕು, ತೋಳಿನ ಡಯಲ್ 4ರ ತನಕ ಮಾತ್ರ ತೋರಿಸುತ್ತದೆ. ಅಲ್ಲಿಂದ ಮುಂದಕ್ಕೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಇಡಬೇಕು. ಅಕ್ಕಸಾಲಿಗರು ಬಳಸುವಂಥ, ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು.

ಈ ಯಂತ್ರದ ಪಕ್ಕದಲ್ಲಿರುವ, ವೇಗವನ್ನು ತುಸು ಹೆಚ್ಚುಕಡಿಮೆ ಮಾಡುವ ಪಿಚ್ ಸ್ಲೈಡರನ್ನು ಎಲ್ಲರೂ ಡಿಜೆಗಳ ಆಟಿಕೆ ಎಂದುಕೊಳ್ಳುತ್ತಾರೆ. 78ರ ಕೇಳುಗರಿಗೆ ಅದು ಆಟಿಕೆಯಲ್ಲ. ಹಳೆಯ ಮುದ್ರಣಗಳೆಲ್ಲ ಸರಿಯಾಗಿ 78ರಲ್ಲೇ ಆದವಲ್ಲ, 70ರಿಂದ 80ರ ನಡುವೆ ಎಲ್ಲೆಲ್ಲೋ ಇವೆ. ಗಾಯಕಿಯ ನಿಜವಾದ ಶ್ರುತಿ ಸಿಗಬೇಕಾದರೆ ಸ್ಲೈಡರ್ ಬೇಕೇ ಬೇಕು.

ರೇಗಾ ಪ್ಲಾನರ್ 1 ಮತ್ತು ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಇವಿಒ. ಇವೆರಡೂ ಬೆಲ್ಟ್ ಡ್ರೈವಿನ ಲೋಕದವು. ಅರ್ಧ ಲಕ್ಷದ ಹಿಂದೆಮುಂದೆ. ಎರಡರ ಮನೋಧರ್ಮವೇ ಬೇರೆ. ರೇಗಾ ಇಂಗ್ಲೆಂಡಿನದು, 1973ರ ಕಂಪನಿ. ಹೆಚ್ಚಿಗೆ ಏನೂ ಇಡಬಾರದು ಎನ್ನುವುದೇ ಅದರ ಧರ್ಮ. ಹಗುರ ಹಲಗೆ, ಒಳ್ಳೆಯ ತೋಳು, ಪೆಟ್ಟಿಗೆ ಬಿಚ್ಚಿ ಐದು ನಿಮಿಷಕ್ಕೆ ಹಾಡು. ಧ್ವನಿ ಲವಲವಿಕೆಯದು, ತಾಳದ ಪೆಟ್ಟು ಚುರುಕಾಗಿ ಕೇಳುತ್ತದೆ. ಪ್ರೊ-ಜೆಕ್ಟ್ ಆಸ್ಟ್ರಿಯಾದ್ದು. ಕಾರ್ಬನ್ ಫೈಬರ್ ತೋಳು, ಭಾರದ ಉಕ್ಕಿನ ತಟ್ಟೆ, ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಜ್. ಮುಂದೆ ಮನಸ್ಸಾದರೆ ಅದೇ ಮೈಗೆ 2ಎಂ ಬ್ಲೂ ಮುಳ್ಳು ಹಾಕಿ ಒಂದು ಮೆಟ್ಟಿಲು ಏರಬಹುದು.

ಯಾವುದು ಮೇಲು ಎಂದು ರಾತ್ರಿಯೆಲ್ಲ ವಾದಿಸುವವರಿದ್ದಾರೆ. ನಾನು ಮತ್ತೆ ಗುಡ್ಡೆ ತೋರಿಸುತ್ತೇನೆ. ರೇಗಾದಲ್ಲಿ 33ರಿಂದ 45ಕ್ಕೆ ಹೋಗಬೇಕಾದರೆ ತಟ್ಟೆ ಎತ್ತಿ, ಬೆಲ್ಟನ್ನು ಬೆರಳಿನಿಂದ ಮೋಟರಿನ ಗಾಲಿಯ ಇನ್ನೊಂದು ಕಂಠಕ್ಕೆ ಜರುಗಿಸಿ, ತಟ್ಟೆ ಕೂರಿಸಬೇಕು. ಎಲ್‌ಪಿ ಮಾತ್ರ ಕೇಳುವವರಿಗೆ ಇದು ವಿಷಯವೇ ಅಲ್ಲ. ಇಪಿ ಒಂದು, ಎಲ್‌ಪಿ ಒಂದು ಎಂದು ಸಂಜೆಯೆಲ್ಲ ಬದಲಾಯಿಸುವವರಿಗೆ ಮೂರನೇ ಸಲಕ್ಕೇ ಸಾಕಾಗುತ್ತದೆ. ಇವಿಒದಲ್ಲಿ ಇದಕ್ಕೊಂದು ಸ್ವಿಚ್ ಇದೆ, 78ಕ್ಕೆ ಮಾತ್ರ ಬೇರೆ ಬೆಲ್ಟ್ ಹಾಕಬೇಕು. ಪ್ಲಾನರ್ 1ರಲ್ಲಿ 78ರ ಮಾತೇ ಇಲ್ಲ. ಇಪಿ ತುಂಬಿದ ಕನ್ನಡದ ಮನೆಗೆ ನನ್ನ ಓಟು ಇವಿಒಗೆ. ಶಾಸ್ತ್ರೀಯ ಎಲ್‌ಪಿಗಳ ಮನೆಗೆ ರೇಗಾ, ಅದೂ ಆದರೆ ಪ್ಲಾನರ್ 2 ಅಥವಾ 3, ಏಕೆಂದರೆ ಗಾಜಿನ ತಟ್ಟೆ ಅಲ್ಲಿಂದ ಶುರು.

ಟೆಕ್ನಿಕ್ಸ್ ಎಸ್‌ಎಲ್-1500ಸಿ. ಲಕ್ಷ ದಾಟುತ್ತದೆ, ನಿಜ. 1972ರಲ್ಲಿ ಹುಟ್ಟಿದ ಎಸ್‌ಎಲ್-1200 ಡಿಜೆಗಳ ಕೈಯಲ್ಲಿ ಮೂರು ದಶಕ ಪೆಟ್ಟು ತಿಂದೂ ಉಳಿಯಿತು. 2010ರಲ್ಲಿ ತಯಾರಿಕೆ ನಿಂತಿತು, ಕೇಳುಗರು ಬಿಡಲಿಲ್ಲ, 2016ರಲ್ಲಿ ಮರಳಿ ಬಂತು. 1500ಸಿ ಅದರ ಮನೆಬಳಕೆಯ ತಮ್ಮ, 2019ರದು. ಸ್ಲೈಡರ್ ಇಲ್ಲ. ಫೋನೊ ಪ್ರಿಆ್ಯಂಪ್ ಒಳಗಿದೆ, 78 ಇದೆ, ಮಗ್ಗುಲು ಮುಗಿದಾಗ ತೋಳು ತಾನೇ ಮೇಲೇಳುತ್ತದೆ. ಸೋಫಾದಲ್ಲೇ ನಿದ್ದೆಹೋಗುವ ನನ್ನಂಥವರಿಗೆ ಈ ಕೊನೆಯದೊಂದೇ ಸಾಕು, ಮುಳ್ಳು ರಾತ್ರಿಯಿಡೀ ಕೊನೆಯ ಗೆರೆಯಲ್ಲಿ ಸುತ್ತುತ್ತಾ ಸವೆಯುವುದಿಲ್ಲ. ತಂಬೂರಿಯ ಪರೀಕ್ಷೆಯಲ್ಲಿ ಇಲ್ಲಿ ಹೇಳಿದ ಯಾವುದೂ ಇದರ ಹತ್ತಿರ ಬರಲಿಲ್ಲ. ದುಡ್ಡಿದ್ದು, 78ರ ಶ್ರುತಿ ತಿದ್ದುವ ಗೋಜು ಬೇಡ ಎಂದಿದ್ದರೆ ಮುಂದೆ ಓದುವುದನ್ನೇ ನಿಲ್ಲಿಸಬಹುದು.

ಹಳೆಯದು ಕೊಳ್ಳುವುದಾದರೆ

ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲಿ ಪೆಟ್ಟಿಗೆ ಪ್ಲೇಯರ್‌ಗಳು ಇವತ್ತಿಗೂ ಕಣ್ಣಿಗೆ ಬೀಳುತ್ತವೆ. ಎಚ್‌ಎಂವಿ ಫಿಯೆಸ್ಟಾ ಕಂಡರೆ ನನ್ನ ವಯಸ್ಸಿನವರ ಕಾಲು ತಾನೇ ನಿಲ್ಲುತ್ತದೆ. ನೆನಪಿಗೆ ಕೊಳ್ಳಿ, ದಿನಬಳಕೆಗೆ ಬೇಡ. ಒಳಗಿನ ರಬ್ಬರ್ ಗಾಲಿ ಕಲ್ಲಾಗಿರುತ್ತದೆ, ಸೆರಾಮಿಕ್ ಕಾರ್ಟ್ರಿಜ್ ಸತ್ತಿರುತ್ತದೆ. ಗ್ಯಾರಾರ್ಡ್ 301, ಥೊರೆನ್ಸ್ ಟಿಡಿ 124 ಥರದ 1950ರ ದಶಕದ ಘಟಾನುಘಟಿಗಳು ಬೇರೆಯೇ ದರ್ಜೆ. ಆ ಬೆಲೆಗೆ ಹೋಗುವವರಿಗೆ ಈ ಲೇಖನ ಬೇಕಿಲ್ಲ.

ನಡುವೆ ಉಳಿಯುವುದು 1970–80ರ ಜಪಾನಿ ಡೈರೆಕ್ಟ್ ಡ್ರೈವ್‌ಗಳು. ಚೆನ್ನಾಗಿರುವುದು ಸಿಕ್ಕರೆ ಅದೇ ಬೆಲೆಯ ಹೊಸದನ್ನು ಸೋಲಿಸುತ್ತದೆ. ನೋಡಬೇಕಾದದ್ದು: ತೋಳನ್ನು ಮೆಲ್ಲಗೆ ಅಲುಗಿಸಿದರೆ ಬುಡದಲ್ಲಿ ಲಟಲಟ ಆಗಬಾರದು, ಆ ಕಾರ್ಟ್ರಿಜ್‌ಗೆ ಮುಳ್ಳು ಈಗಲೂ ಸಿಗಬೇಕು, ಮತ್ತು ಹಿಂಭಾಗದ ತಗಡಿನ ಮೇಲೆ ಎಷ್ಟು ವೋಲ್ಟ್ ಎಂದಿದೆ. ಜಪಾನಿನ ಸ್ವದೇಶಿ ಮಾಲಿಗೆ 100 ವೋಲ್ಟ್, ನಮ್ಮ ಗೋಡೆಯಲ್ಲಿ 230.

ಈ ಕೊನೆಯದರಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಭಾವ ಅಮೆರಿಕದಿಂದ ವಾಪಸು ಬರುವಾಗ ಅಲ್ಲಿ ಕೊಂಡ ಬೆಲ್ಟ್ ಡ್ರೈವ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಎಸ್‌ಪಿ ರಸ್ತೆಗೆ ಹೋಗಿ 110 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಯಂತ್ರ ತಿರುಗಿತು, ಹಾಡಿತು. ಹಾಡಿದ್ದು ಹೆಣ್ಣುದನಿ, ಕೇಳಿದ್ದು ಗಂಡುದನಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಅಲ್ಲಿಯದು 60 ಹರ್ಟ್ಸ್, ನಮ್ಮದು 50. ಕರೆಂಟಿನ ಲಯಕ್ಕೆ ಕಟ್ಟಿಕೊಂಡು ಓಡುವ ಸಿಂಕ್ರನಸ್ ಮೋಟರ್ ಆದ್ದರಿಂದ 33ರ ಬದಲು ನಿಮಿಷಕ್ಕೆ 27.8 ಸುತ್ತು. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಅಡಾಪ್ಟರ್ ಮೂಲಕ ಡಿಸಿ ಕರೆಂಟಿನಲ್ಲಿ ಓಡುವವಕ್ಕೆ, ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್‌ಗಳಿಗೆ ಈ ತೊಂದರೆ ಇಲ್ಲ. ವಿದೇಶದಿಂದ ಯಾರಾದರೂ 'ತಂದುಕೊಡ್ತೀನಿ' ಎಂದರೆ ಮೊದಲು ಇದನ್ನು ಕೇಳಿಕೊಳ್ಳಿ.

ಮನೆಯೂ ಒಂದು ಭಾಗ

ಇಂಗ್ಲಿಷ್ ಪುಸ್ತಕಗಳಲ್ಲಿ ಗೋಡೆಗೆ ಹಲಗೆ ಹೊಡೆಯಿರಿ, ಮರದ ನೆಲ ಕುಣಿದರೆ ಮುಳ್ಳು ಹಾರುತ್ತದೆ ಎಂದಿರುತ್ತದೆ. ನಮ್ಮ ರೆಡ್ ಆಕ್ಸೈಡ್, ಗ್ರಾನೈಟ್ ನೆಲಗಳಿಗೆ ಆ ಭಯವಿಲ್ಲ. ಭಾರದ ಮೇಜು, ಅದರ ಮೇಲೆ ಅಡುಗೆಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡು, ಕೆಳಗೆ ನಾಲ್ಕು ರಬ್ಬರ್ ಬಿಲ್ಲೆ. ಸ್ಪೀಕರನ್ನು ಮಾತ್ರ ಅದೇ ಮೇಜಿನ ಮೇಲೆ ಇಡಬೇಡಿ.

ಬಾಡಿಗೆಯ ಹಳೇ ಮನೆಗಳಲ್ಲಿ ಕಾಡುವುದು ಅರ್ತಿಂಗ್. ಮುಳ್ಳಿನಿಂದ ಹೊರಡುವುದು ಕೆಲವೇ ಮಿಲಿವೋಲ್ಟ್, ಅದನ್ನು ಹಿಗ್ಗಿಸುವಾಗ ಜೊತೆಗೆ ಗುಂಯ್ ಎನ್ನುವ ಸದ್ದೂ ಹಿಗ್ಗುತ್ತದೆ. ಟರ್ನ್‌ಟೇಬಲ್ ಹಿಂದಿನಿಂದ ಇಳಿಯುವ ತೆಳು ತಂತಿಯನ್ನು ಆ್ಯಂಪ್‌ನ ತಿರುಪಿಗೆ ಬಿಗಿಯಿರಿ. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ತ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ರೇಗಾಕ್ಕೆ ಆ ಬೇರೆ ತಂತಿ ಇರುವುದಿಲ್ಲ, ಹುಡುಕಾಡಬೇಡಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೂ ಗುಂಯ್ ಬರುತ್ತದೆ. ಆ ಅರ್ಧ ಗಂಟೆ ಸುಮ್ಮನೆ ಕಾಫಿ ಕುಡಿಯಿರಿ.

ಧೂಳಿನ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕಾದ್ದೇನಿಲ್ಲ. ಅಟ್ಟದ ರೆಕಾರ್ಡುಗಳಿಗೆ ಬೂಷ್ಟೂ ಹಿಡಿದಿರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಲೇಬಲ್ಲಿಗೆ ನೀರು ತಾಗದಂತೆ ಆರಿಸಿ. ವಿನೈಲಿಗೆ, ಅಂದರೆ ಎಲ್‌ಪಿ, ಇಪಿಗಳ ಪ್ಲಾಸ್ಟಿಕ್ಕಿಗೆ, ತೆಳು ಮಾಡಿದ ಐಸೊಪ್ರೊಪೈಲ್ ಆಲ್ಕೋಹಾಲ್ ನಡೆಯುತ್ತದೆ. 78ಕ್ಕೆ ಅದನ್ನು ಮುಟ್ಟಿಸಲೇಬೇಡಿ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ದುಡ್ಡು

ಬೆಲೆಗಳು ಡಾಲರ್ ಜೊತೆ ಏರಿಳಿಯುತ್ತವೆ, ಹಾಗಾಗಿ ಪಾಲು ಹೇಳುತ್ತೇನೆ. ಕೈಯಲ್ಲಿರುವ ಹಣದಲ್ಲಿ ಅರ್ಧ ಮಾತ್ರ ಟರ್ನ್‌ಟೇಬಲ್‌ಗೆ. ಉಳಿದರ್ಧದಲ್ಲಿ ಪವರ್ಡ್ ಸ್ಪೀಕರ್ (ಆ್ಯಂಪ್ ಒಳಗೇ ಇರುವಂಥದು), ಬೇಕಾದರೆ ಫೋನೊ ಪ್ರಿಆ್ಯಂಪ್, ಬ್ರಷ್, ತಕ್ಕಡಿ. ರೇಗಾ, ಇವಿಒಗಳಲ್ಲಿ ಪ್ರಿಆ್ಯಂಪ್ ಇರುವುದಿಲ್ಲ, ಬೇರೆ ಕೊಳ್ಳಬೇಕು ಎಂಬುದನ್ನು ಬಿಲ್ ಕೊಟ್ಟ ಮೇಲೆ ತಿಳಿದುಕೊಂಡವರು ಬಹಳ. ಐವತ್ತು ಸಾವಿರದ ಯಂತ್ರವನ್ನು ಎರಡು ಸಾವಿರದ ಬ್ಲೂಟೂತ್ ಡಬ್ಬಿಗೆ ಜೋಡಿಸಿದವರನ್ನೂ ನೋಡಿದ್ದೇನೆ.

ವಿನೈಲ್ ಹೊಸ ಫ್ಯಾಷನ್ ಎನ್ನುವುದು ನಿಜ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ರೆಕಾರ್ಡ್ ಮಾರಾಟವಾದವು, ಸಿಡಿ 3.3 ಕೋಟಿ. 1987ರಿಂದ ಈಚೆಗೆ ಎಣಿಕೆಯಲ್ಲಿ ರೆಕಾರ್ಡ್ ಮುಂದೆ ಬಂದದ್ದು ಅದೇ ಮೊದಲು. ಅದರ ಅಲೆಯಲ್ಲೇ ಎರಡು ಮೂರು ಸಾವಿರದ ಹೊಸ ಎಲ್‌ಪಿಗಳು ಇಲ್ಲಿಗೂ ಬರುತ್ತಿವೆ. ಅವುಗಳಲ್ಲಿ ಬಹಳಷ್ಟು ಡಿಜಿಟಲ್ ಕಡತದಿಂದಲೇ ಒತ್ತಿದವು. ಫೋನಿನಲ್ಲಿ ಕೇಳುವುದಕ್ಕಿಂತ ಅವು ಬೆಚ್ಚಗೆ ಕೇಳುತ್ತವೆ ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಒಪ್ಪುವುದೂ ಇಲ್ಲ. ನನಗೆ ಬೇಕಿರುವುದು ಬೇರೆಲ್ಲೂ ಸಿಗದ ಮುದ್ರಣಗಳು, ಅವು ಟ್ರಂಕಿನಲ್ಲಿವೆ.

ಅಣ್ಣನ ಮಗಳು ಕೊನೆಗೆ ತಗೊಂಡದ್ದು ಎಲ್‌ಪಿ120ಎಕ್ಸ್, ಜೊತೆಗೆ 78ರ ಮುಳ್ಳು. ಹದಿನೇಳರಲ್ಲಿ ಎರಡು ಒಡೆದಿದ್ದವು. ಮಿಕ್ಕವುಗಳಲ್ಲಿ ಮೊದಲು ಹಾಕಿದ್ದು ಚೌಡಯ್ಯನವರ ಪಿಟೀಲು, ಅದೇ ಏಳು ತಂತಿಯದು. ಅವಳಜ್ಜಿ ಅಡುಗೆಮನೆಯಿಂದಲೇ, "ಏನೇ ಅದು, ರೈಲು ತಪ್ಪೋಗುತ್ತೆ ಅನ್ನೋ ಹಂಗೆ ನುಡಿಸ್ತಿದಾರೆ, ಅವರು ಹಿಂಗೆ ನುಡಿಸ್ತಿರಲಿಲ್ಲ" ಎಂದರು. ಸ್ಲೈಡರನ್ನು ಒಂದೊಂದೇ ಗೆರೆ ಕೆಳಗಿಳಿಸುತ್ತಾ ಹೋದೆವು. ಮೈನಸ್ ಮೂರಕ್ಕೆ ಬಂದಾಗ ಒಳಗೆ ಪಾತ್ರೆ ಸದ್ದು ನಿಂತಿತು.